ನೋಡಿ ಬಿಟ್ಟುಹೋದವರು

ಸೋಮವಾರ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನದ ಊಟದ ಹೊತ್ತಿನವರೆಗೆ ಎನ್‌ಕ್ವೈರಿ ಅಕ್ಕ ತನ್ನ ಕುರ್ಚಿಯಿಂದ ಒಂಬತ್ತು ಸಲ ಎದ್ದಳು. ಎರಡು ಸಲ ನೀರು ಕುಡಿಯಲು, ಒಂದು ಸಲ ಕಿಟಕಿ ಮುಚ್ಚಲು, ಇನ್ನೊಂದು ಸಲ ಅದೇ ಕಿಟಕಿ ತೆರೆಯಲು. ಉಳಿದ ಐದು ಸಲ ಯಾಕೆ ಎದ್ದಳೆಂದು ಅವಳಿಗೇ ತಿಳಿಯದು. ಎದುರು ಮೇಜಿನ ಗುಮಾಸ್ತ, "ಅಕ್ಕಾ, ಕುರ್ಚಿ ಕಚ್ತಿದೆಯಾ?" ಎಂದು ಕೇಳಿದ. ಅವಳು ಉತ್ತರಿಸಲಿಲ್ಲ. ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡದೆ ಸುಮ್ಮನಿರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಎಲ್ಲಕ್ಕೂ ಕಾರಣ ಆ ಬೆಳಿಗ್ಗೆ ಬಂದ ನಾಲ್ಕು ಸಾಲಿನ ಮೇಲ್. ಬಸ್ ಕಂಪನಿಯ ವೆಬ್‌ಸೈಟಿನಲ್ಲಿರುವ ವೇಳಾಪಟ್ಟಿಯ ಪುಟವನ್ನು ಶುಕ್ರವಾರ ಸಂಜೆ ತೆಗೆದುಹಾಕಲಾಗುವುದು. ಬಂದವರೆಲ್ಲ ನೇರವಾಗಿ ಟಿಕೆಟ್ ಪುಟಕ್ಕೇ ಹೋಗುವಂತೆ ಮಾಡಲಾಗುವುದು. ಕೆಳಗೆ ಮ್ಯಾನೇಜರನ ಹೆಸರು. ಜೊತೆಗೆ ಆಧಾರವಾಗಿ ಒಂದು ವರದಿ. ಆ ವರದಿಯನ್ನು ಬರೆದವಳು ಸ್ವತಃ ಅಕ್ಕ.

ಅವಳಿಗೆ ನಲವತ್ತೆಂಟು ವರ್ಷ. ಅದರಲ್ಲಿ ಹತ್ತೊಂಬತ್ತನ್ನು ಬಸ್ ನಿಲ್ದಾಣದ ಮೊದಲನೇ ಕೌಂಟರಿನಲ್ಲಿ, ಅರ್ಧಚಂದ್ರದ ಹಾಗೆ ಕೊರೆದ ಗಾಜಿನ ಹಿಂದೆ ಕಳೆದಿದ್ದಾಳೆ. ಮೇಲೆ 'ವಿಚಾರಣೆ' ಎಂಬ ಬೋರ್ಡಿತ್ತು. ಜನ ಬಗ್ಗಿ ಕೇಳುವುದು, ಅವಳು ತಲೆಯೆತ್ತದೆ ಹೇಳುವುದು. ಡೇರಿ ಸ್ಟಾಪಿಗಾ, ಹತ್ತೂಕಾಲಿಗೆ ಇದೆ. ಆಸ್ಪತ್ರೆಗಾ, ಆ ಕಡೆ ನಿಂತ್ಕೊಳಿ. ಕಾಗದದ ಫ್ಯಾಕ್ಟರಿಗಾ, ಈಗ ತಾನೇ ಹೋಯ್ತು, ಇನ್ನೊಂದು ಅರ್ಧ ಗಂಟೆ. ಚಾಲಕರು, ನಿರ್ವಾಹಕರು, ಕಡಲೆ ಮಾರುವವನು, ಕೊನೆಗೆ ಅವಳ ಗಂಡನೂ ಅವಳನ್ನು ಎನ್‌ಕ್ವೈರಿ ಅಕ್ಕ ಎಂದೇ ಕರೆಯತೊಡಗಿದ್ದರು. ಗಂಡ ಲಿಫ್ಟ್ ಮೆಕ್ಯಾನಿಕ್. ನಡುವೆ ಸಿಕ್ಕಿಕೊಂಡವರನ್ನು ಇಳಿಸುವುದು ಅವನ ಕೆಲಸ. "ನೀನು ಜನಾನ ಹತ್ತಿಸ್ತೀಯ, ನಾನು ಇಳಿಸ್ತೀನಿ, ಲೆಕ್ಕ ಸರಿಹೋಯ್ತು" ಎನ್ನುತ್ತಿದ್ದ.

ಎರಡು ವರ್ಷದ ಹಿಂದೆ ಕೌಂಟರನ್ನು ಮುಚ್ಚಿದರು. ಎಲ್ಲ ವೆಬ್‌ಸೈಟಿನಲ್ಲಿ ಸಿಗುತ್ತದೆ ಎಂದರು. ಅಕ್ಕನನ್ನು ಮನೆಗೆ ಕಳಿಸುವ ಬದಲು ಎರಡನೇ ಮಹಡಿಗೆ ಕಳಿಸಿದರು. ಅಲ್ಲಿ ಅವಳಿಗೆ ಸಿಕ್ಕಿದ್ದು ಒಂದು ಕಂಪ್ಯೂಟರು, ಅದರೊಳಗೆ ಒಂದು ವಿಚಿತ್ರ ಸಾಧನ. ವೆಬ್‌ಸೈಟಿಗೆ ಯಾರು ಬಂದರೂ ಅದು ಅವರ ಹೆಜ್ಜೆಯನ್ನು ಹಿಡಿದಿಡುತ್ತದೆ: ಯಾವ ಪುಟಕ್ಕೆ ಬಂದರು, ಎಷ್ಟು ಹೊತ್ತು ನಿಂತರು, ಎಲ್ಲಿ ಒತ್ತಿದರು, ಎಲ್ಲಿಂದ ಹೊರಟುಹೋದರು. ಬೇಕೆಂದರೆ ಅದನ್ನು ಸಿನಿಮಾದಂತೆ ಮತ್ತೆ ನೋಡಬಹುದು. ಹೆಸರಿಲ್ಲ, ಮುಖವಿಲ್ಲ. ಫೋನಿನ ಪರದೆಯ ಮೇಲೆ ಬೆರಳು ತಾಗಿದಲ್ಲೆಲ್ಲ ಒಂದು ಬೂದು ಚುಕ್ಕೆ ಓಡಾಡುತ್ತದೆ, ಅಷ್ಟೇ.

ಮೊದಲ ವಾರ ಅವಳಿಗೆ ಕದ್ದು ನೋಡಿದ ಹಾಗಾಗಿ ಮೈ ಮುದುರಿಕೊಂಡಿತ್ತು. ಎರಡನೇ ವಾರಕ್ಕೆ ಚುಕ್ಕೆಗಳಲ್ಲಿ ಮನುಷ್ಯರು ಕಾಣತೊಡಗಿದರು. ಈತ ಅವಸರದವನು, ಓದುವ ಮೊದಲೇ ಒತ್ತುತ್ತಾನೆ. ಈಕೆ ಸಂಶಯದವಳು, ಎರಡು ಸಲ ಹಿಂದೆ ಹೋಗಿ ಬರುತ್ತಾಳೆ. ಇವರು ಕನ್ನಡಕ ಮರೆತು ಬಂದವರು. ಕೌಂಟರಿನಲ್ಲಿ ಕಂಡವರೇ ಇವರೆಲ್ಲ, ಗಾಜು ಮಾತ್ರ ಬೇರೆ. ತಿಂಗಳಿಗೊಂದು ವರದಿ ಬರೆಯುವುದನ್ನೂ ಕಲಿತಳು. ಬಂದವರು, ನಿಂತವರು, ಟಿಕೆಟ್ ಕೊಂಡವರು, ಬಿಟ್ಟುಹೋದವರು: ನಾಲ್ಕು ಕಾಲಂ. ಬಿಟ್ಟುಹೋದವರು ಹೆಚ್ಚಿದ್ದ ಪುಟವನ್ನು ಸಾಧನವೇ ಕೆಂಪು ಬಣ್ಣದಲ್ಲಿ ತೋರಿಸುತ್ತಿತ್ತು. ಅವಳು ಆ ಕೆಂಪನ್ನು ಹಾಗೇ ವರದಿಗೆ ಇಳಿಸುತ್ತಿದ್ದಳು. ಯಂತ್ರ ಹೇಳಿದ ಮೇಲೆ ತನ್ನದೇನು ಎಂಬ ನಂಬಿಕೆ.

ಊಟ ಮಾಡಿದ ಶಾಸ್ತ್ರ ಮುಗಿಸಿ ಅವಳು ಮ್ಯಾನೇಜರನ ಕೋಣೆಗೆ ಹೋದಳು. ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಕೆಟ್ಟವನಲ್ಲ. ಮಾತಾಡುವಾಗ ಪೆನ್ನಿನ ಮುಚ್ಚಳ ಟಕಟಕ ಅನ್ನಿಸುವ ಅಭ್ಯಾಸ.

"ಅಕ್ಕಾ, ನಿಮ್ಮ ವರದೀನೇ ಹೇಳ್ತಿದೆಯಲ್ಲ. ನೂರು ಜನ ಆ ಪುಟಕ್ಕೆ ಬಂದ್ರೆ ಎಂಬತ್ತೊಂದು ಜನ ಅಲ್ಲಿಂದ್ಲೇ ಎದ್ದು ಹೋಗ್ತಾರೆ. ಟಿಕೆಟ್ ಪುಟದ ಕಡೆ ತಲೆ ಹಾಕಿನೂ ಮಲಗಲ್ಲ."

"ಟಿಕೆಟ್ ಪುಟದಲ್ಲಿರೋದು ದೂರದ ಬಸ್ಸಿನ ಸೀಟು ಸಾರ್. ಡೇರಿ ಸ್ಟಾಪಿಗೆ ಹೋಗೋರಿಗೆ ಬಸ್ಸಲ್ಲೇ ಟಿಕೆಟ್ ಕೊಡ್ತೀವಿ. ಅವರಿಗೆ ಬೇಕಿದ್ದಿದ್ದು ಟೈಮು. ನೋಡಿದ್ರು, ಹೋದ್ರು."

"ಇದು ವರದಿಯಲ್ಲಿ ಇಲ್ವಲ್ಲ."

"ಬರೆಯೋವಾಗ ಹೊಳೀಲಿಲ್ಲ. ಹತ್ತೊಂಬತ್ತು ವರ್ಷ ಕೆಳಗೆ ಕೂತಿದ್ದೆ ಸಾರ್. ಟೈಮ್ ಕೇಳಿದೋರು ಯಾರೂ ಆಮೇಲೆ ನನ್ನ ಮುಖ ನೋಡ್ತಾ ನಿಲ್ಲಲಿಲ್ಲ."

"ಅದು ನಿಮ್ಮ ಮುಖದ ತಪ್ಪಲ್ಲ ಬಿಡಿ." ಅವನು ನಕ್ಕ. ಮುಚ್ಚಳ ಟಕ್ಕೆಂದಿತು. "ನನಗೆ ಮೇಲಿನವರಿಗೆ ತೋರಿಸೋಕೆ ಏನಾದ್ರೂ ಬೇಕು. ಊಹೆ ಬೇಡ. ಅವರಿಗೆ ಬೇಕಾದ್ದು ಸಿಕ್ಕೇ ಹೋದ್ರು ಅಂತ ಶುಕ್ರವಾರ ಮೂರು ಗಂಟೆ ಒಳಗೆ ತೋರಿಸಿ. ಪುಟ ಉಳಿಸ್ತೀನಿ. ಇಲ್ಲದಿದ್ರೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ."

ಕೌಂಟರು ಹೋಗಿತ್ತು, ಅದರ ಹಿಂದೆಯೇ ವಿಚಾರಣೆಯ ಫೋನೂ ಹೋಗಿತ್ತು. ಈ ಪುಟವೂ ಹೋದರೆ ಡೇರಿಗೋ ಆಸ್ಪತ್ರೆಗೋ ಹೋಗುವವನು ಬಸ್ಸು ಯಾವಾಗ ಎಂದು ಕೇಳಲು ಒಂದು ಜಾಗವೂ ಉಳಿಯುವುದಿಲ್ಲ. ಅದನ್ನು ಮುಚ್ಚಿಸುತ್ತಿರುವುದು ತಾನೇ ಬರೆದ ವರದಿ. ಮೆಟ್ಟಿಲಿಳಿಯುವಾಗ ಎರಡು ಮೆಟ್ಟಿಲು ಲೆಕ್ಕ ತಪ್ಪಿ ಅವಳು ಕಂಬಿ ಹಿಡಿದುಕೊಂಡಳು.

ಮಂಗಳವಾರ ಕಚೇರಿಯ ಬಾಗಿಲು ತೆರೆಯುವ ಮೊದಲೇ ಅವಳು ಬಂದು ನಿಂತಿದ್ದಳು. ಸಾಧನದ ಕಂಪನಿಗೆ ಸಹಾಯಕ್ಕೆಂದು ಒಂದು ಫೋನ್ ನಂಬರಿದೆ. ಅಲ್ಲಿ ಮಾತಾಡುವ ಹುಡುಗಿಯನ್ನು ಅಕ್ಕ ಎರಡು ವರ್ಷದಿಂದ ಬಲ್ಲಳು, ಕಂಡಿಲ್ಲ. ಗಂಟಲು ಕೆಟ್ಟಿದ್ದರೆ ಕಷಾಯ ಕುಡಿ ಎಂದು ಹೇಳುವಷ್ಟು ಸಲಿಗೆ.

"ನಿಮ್ಮ ಪುಟ ಕೆಂಪಾಗಿರೋದು ನನಗೂ ಕಾಣ್ತಿದೆ ಮೇಡಮ್," ಎಂದಳು ಹುಡುಗಿ.

"ಯಾಕೆ ಕೆಂಪು ಅಂತ ಅದಕ್ಕೆ ಗೊತ್ತಾ?"

"ಏನಾಯ್ತು ಅಂತ ಅದಕ್ಕೆ ಗೊತ್ತು. ಯಾಕಾಯ್ತು ಅಂತ ಗೊತ್ತಾಗಲ್ಲ."

"ನಮ್ಮನೇಲೂ ಒಬ್ರು ಇದಾರೆ ಹಾಗೆ. ಯಾರ ಮನೇಲಿ ಏನಾಯ್ತು ಅಂತ ಎಲ್ಲಾ ಹೇಳ್ತಾರೆ. ಯಾಕೆ ಅಂದ್ರೆ ನನಗೇನು ಗೊತ್ತು ಅಂತಾರೆ."

ಹುಡುಗಿ ನಗುತ್ತಲೇ ದಾರಿ ಹೇಳಿಕೊಟ್ಟಳು. ಪುಟದ ಮೂಲೆಯಲ್ಲಿ ಚಿಕ್ಕದೊಂದು ಪ್ರಶ್ನೆ ಇಡಬಹುದು. ಬಂದವರು ಒಂದು ಬೆರಳಲ್ಲಿ ಉತ್ತರಿಸಿ ಹೋಗುತ್ತಾರೆ. ಇಷ್ಟವಿದ್ದವರು ಒಂದು ಮಾತು ಬರೆಯಬಹುದು. ಅಕ್ಕ ಪ್ರಶ್ನೆಯನ್ನು ಆರು ರೀತಿ ಬರೆದು ಅಳಿಸಿ ಕೊನೆಗೆ ಮೂರೇ ಪದ ಉಳಿಸಿದಳು: 'ಬೇಕಾದ ಸಮಯ ಸಿಕ್ಕಿತೇ?' ಕೆಳಗೆ ಹೌದು, ಇಲ್ಲ.

ಮೊದಲ ಒಂದು ಗಂಟೆ ಯಾರೂ ಮುಟ್ಟಲಿಲ್ಲ. ಬೂದು ಚುಕ್ಕೆಗಳು ಪ್ರಶ್ನೆಯ ಪಕ್ಕದಲ್ಲೇ ಹಾದು ಹೋದವು. ಅಕ್ಕ ಉಗುರು ಕಚ್ಚಿದಳು. ಮದುವೆಯಾದ ಮೇಲೆ ಬಿಟ್ಟಿದ್ದ ಚಟ. ಹನ್ನೆರಡಕ್ಕೆ ಮೊದಲ ಉತ್ತರ ಬಂತು. ಇಲ್ಲ. ಆಮೇಲೆ ಇನ್ನೊಂದು. ಇಲ್ಲ. ಬೆರಳು ತಪ್ಪಿ ಒತ್ತಿರಬೇಕು ಅಂದುಕೊಂಡಳು. ಕಚೇರಿ ಬಿಡುವ ಹೊತ್ತಿಗೆ ಇಪ್ಪತ್ತೆರಡು ಉತ್ತರ ಬಂದಿದ್ದವು. ಹದಿನೇಳು ಇಲ್ಲ.

ಜನ ಬೇಕಾದ್ದು ಸಿಕ್ಕಿ ತೃಪ್ತಿಯಿಂದ ಹೋಗುತ್ತಿದ್ದಾರೆ ಎಂದು ಮ್ಯಾನೇಜರನ ಮುಂದೆ ಹತ್ತೊಂಬತ್ತು ವರ್ಷದ ಲೆಕ್ಕ ಒಪ್ಪಿಸಿ ಬಂದಿದ್ದಳು. ಈಗ ಜನರೇ ಬಾಯಿಬಿಟ್ಟು ಹೇಳುತ್ತಿದ್ದಾರೆ, ಸಿಗಲಿಲ್ಲ ಎಂದು. ಕೆಂಪೇ ಸರಿಯಾಗಿತ್ತು.

ಬುಧವಾರವಿಡೀ ಅವಳು 'ಇಲ್ಲ' ಎಂದವರ ಚುಕ್ಕೆಗಳ ಬೆನ್ನು ಹತ್ತಿದಳು. ಹೆಚ್ಚುಕಡಿಮೆ ಎಲ್ಲರದೂ ಒಂದೇ ಕಥೆ. ಪುಟ ತೆರೆಯುತ್ತಾರೆ. ಜಾರಿಸುತ್ತ ತಮ್ಮ ದಾರಿಯ ಸಾಲಿಗೆ ಬರುತ್ತಾರೆ. ಅಲ್ಲಿ ನಿಲ್ಲುತ್ತಾರೆ. ಆಮೇಲೆ ಎಡಕ್ಕೆ ಎಳೆಯುತ್ತಾರೆ, ಬಲಕ್ಕೆ ಎಳೆಯುತ್ತಾರೆ, ಎರಡು ಬೆರಳಿಟ್ಟು ದೊಡ್ಡದು ಮಾಡುತ್ತಾರೆ. ಏನನ್ನೋ ಹುಡುಕಿ ಐವತ್ತು ಸೆಕೆಂಡಿಗೆ ಎದ್ದು ಹೋಗುತ್ತಾರೆ. ಆ ಸಾಲಿನಲ್ಲಿ ಸಮಯ ಢಾಳಾಗಿ ಬರೆದಿತ್ತು: ಏಳು ಹತ್ತು, ಏಳು ನಲವತ್ತು, ಎಂಟು ಹತ್ತು. ಕಣ್ಣಿಗೆ ರಾಚುವಂತಿದ್ದರೂ ಇವರಿಗೆ ಕಾಣುತ್ತಿಲ್ಲವೇ? ಅವಳಿಗೆ ಒಂದೂ ಬಗೆಹರಿಯಲಿಲ್ಲ. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಗೆ ನಡೆದಳು.

"ಏನೇ ಇದು, ಚಪ್ಪಲಿಗೂ ಹಸಿವಾಯ್ತಾ?" ಎಂದರು ಅತ್ತೆ. ಎಪ್ಪತ್ತನಾಲ್ಕು ವರ್ಷ, ತರಕಾರಿ ಹೆಚ್ಚುತ್ತಿದ್ದರು. ಕಣ್ಣು ಮಂಜಾದರೂ ನಾಲಿಗೆ ಇನ್ನೂ ಹರಿತ.

ಅಕ್ಕ ಚಪ್ಪಲಿ ಹೊರಗಿಟ್ಟು ಬಂದು ಅವರ ಕೈಗೆ ಫೋನ್ ಕೊಟ್ಟಳು. "ಅತ್ತೆ, ಒಂದು ಸಹಾಯ ಮಾಡಿ. ನೀವು ಕಣ್ಣಿನ ಡಾಕ್ಟರ ಹತ್ರ ಹೋಗ್ಬೇಕು. ನಮ್ಮ ಡೇರಿ ಸ್ಟಾಪಲ್ಲಿ ಬಸ್ ಹತ್ತಬೇಕು. ಯಾವ ಬಸ್ಸಿಗೆ ಹೋಗ್ತೀರಿ? ಇದರಲ್ಲಿ ನೋಡಿ ಹೇಳಿ."

"ನನಗ್ಯಾಕೆ ಇದೆಲ್ಲ? ನಿನ್ನ ಕೇಳ್ತೀನಿ."

"ನಾನಿಲ್ಲ ಅಂದ್ಕೊಳಿ."

"ಬಿಡ್ತು ಅನ್ನು." ಅತ್ತೆ ಫೋನನ್ನು ಮೂಗಿನ ಹತ್ತಿರ ಹಿಡಿದು ಬೆರಳಾಡಿಸಿದರು. ಅಕ್ಕ ಆ ಬೆರಳನ್ನೇ ನೋಡಿದಳು. ಸಾಲಿಗೆ ಬಂತು. ನಿಂತಿತು. ಎಡಕ್ಕೆ ಎಳೆಯಿತು. ಬಲಕ್ಕೆ ಎಳೆಯಿತು. ಎರಡನೇ ಬೆರಳೂ ಬಂತು. ದಿನವಿಡೀ ಕಂಡ ಚುಕ್ಕೆಗೆ ಈಗ ಉಗುರು, ಗೆಣ್ಣು, ಬದನೆಕಾಯಿಯ ಕಲೆ ಎಲ್ಲ ಇತ್ತು.

"ಏನು ಹುಡುಕ್ತಿದೀರಿ ಅತ್ತೆ?"

"ಇದರಲ್ಲಿ ಒಂಬತ್ತು ಹತ್ತು ಅಂತಿದೆ. ಅದು ಬಸ್ ಸ್ಟ್ಯಾಂಡ್ ಬಿಡೋ ಟೈಮು ತಾನೇ? ನಾನು ಬಸ್ ಸ್ಟ್ಯಾಂಡಲ್ಲಿ ಸಂಸಾರ ಮಾಡ್ತಿದೀನಾ? ನಮ್ಮ ಸ್ಟಾಪಿಗೆ ಎಷ್ಟು ಹೊತ್ತಿಗೆ ಬರುತ್ತೆ ಅಂತ ನೋಡ್ತಿದೀನಿ."

"ಹನ್ನೆರಡು ನಿಮಿಷ ಸೇರಿಸ್ಕೊಳಿ."

"ಅದೆಲ್ಲಿ ಬರ್ದಿದೆ?"

"ಎಲ್ಲೂ ಬರ್ದಿಲ್ಲ."

"ಮತ್ತೆ? ಫೋನಿನ ಜೊತೆ ನಿನ್ನ ತಲೆನೂ ಕಳಿಸ್ತಾರಾ ಎಲ್ಲರ ಮನೆಗೂ?" ಅತ್ತೆ ಫೋನನ್ನು ಹಿಂದಕ್ಕೆ ಕೊಟ್ಟು ಬದನೆಕಾಯಿಗೆ ಮರಳಿದರು.

ವಿಷಯ ಇಷ್ಟೇ ಆಗಿತ್ತು. ಕಂಪನಿಯ ವೇಳಾಪಟ್ಟಿಯಲ್ಲಿ ಮೊದಲಿನಿಂದಲೂ ಇದ್ದದ್ದು ನಿಲ್ದಾಣ ಬಿಡುವ ಸಮಯ ಮಾತ್ರ. ನಡುವಿನ ಸ್ಟಾಪುಗಳ ಸಮಯವನ್ನು ಯಾರೂ ಎಂದೂ ಬರೆದಿಟ್ಟಿರಲಿಲ್ಲ, ಕೌಂಟರಿನಲ್ಲಿ ಕೂತವರ ತಲೆಯಲ್ಲಿ ಅದು ಇರುತ್ತಿತ್ತು. ಗಾಜಿನ ಮುಂದೆಯೋ ಫೋನಿನಲ್ಲೋ ಕೇಳಿದವನು ಯಾವ ಸ್ಟಾಪಿನಲ್ಲಿ ಹತ್ತುವವನೆಂದು ತಿಳಿದೊಡನೆ ಅಕ್ಕ ಒಳಗೇ ಕೂಡಿಸಿ ಉತ್ತರ ಹೇಳುತ್ತಿದ್ದಳು. ಕೂಡಿಸುತ್ತಿದ್ದೇನೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಗೋಡೆಯ ಮೇಲಿನ ಪಟ್ಟಿಯನ್ನು ವೆಬ್‌ಸೈಟಿಗೆ ಏರಿಸಿದರು; ಅದನ್ನು ಓದಿ ಹೇಳುತ್ತಿದ್ದವಳನ್ನು ಎರಡನೇ ಮಹಡಿಗೆ ಏರಿಸಿದರು. ಎರಡು ವರ್ಷ ಅವಳು ಅದೇ ಪುಟದ ಮುಂದೆ ಕೂತು ಜನ ಯಾಕೆ ಹೋಗುತ್ತಾರೆಂದು ಲೆಕ್ಕ ಬರೆದಳು.

ಗುರುವಾರ ಬೆಳಿಗ್ಗೆ ಎಂಟಕ್ಕೆಲ್ಲ ಅಕ್ಕ ಕಾಗದ ಹರಡಿಕೊಂಡು ಕೂತಿದ್ದಳು. ಮೂರು ದಾರಿ, ಮೂವತ್ತೆಂಟು ಸ್ಟಾಪು. ಕಣ್ಣು ಮುಚ್ಚಿದರೆ ಹೆಚ್ಚಿನವು ತಾವಾಗಿಯೇ ಬಂದವು. ಅನುಮಾನವಿದ್ದ ಎಂಟನ್ನು ಗುರುತು ಹಾಕಿಕೊಂಡು ಕೆಳಗೆ ಚಾಲಕರ ವಿಶ್ರಾಂತಿ ಕೋಣೆಗೆ ಹೋದಳು. ಮೆಲ್ಲಗಣ್ಣ ಬೆಂಚಿನ ಮೇಲೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದ. ಮೂವತ್ತು ವರ್ಷದಲ್ಲಿ ಒಂದು ಕೋಳಿಗೂ ಗಾಡಿ ತಾಗಿಸದ ಮನುಷ್ಯ. ಹೆಸರು ಬಂದಿದ್ದೇ ಅದರಿಂದ. ಪಕ್ಕದಲ್ಲಿ ಬುಲೆಟ್ ತಲೆ ಬಾಚಿಕೊಳ್ಳುತ್ತಿದ್ದ. ಅವನಿಗೆ ಆ ಹೆಸರು ಬಂದ ಕಾರಣ ಕೇಳಬೇಕಾಗಿಲ್ಲ.

ಏಳು ಸ್ಟಾಪಿಗೆ ಇಬ್ಬರೂ ಹೂಂ ಅಂದರು. ಎಂಟನೆಯದು ಕ್ವಾರಿ ಕ್ರಾಸ್, ಆ ದಾರಿಯಲ್ಲಿ ಜನ ಹತ್ತುವ ಕೊನೆಯ ಸ್ಟಾಪು.

"ನಿಲ್ದಾಣದಿಂದ ಇಪ್ಪತ್ತೇಳು ನಿಮಿಷ," ಎಂದ ಮೆಲ್ಲಗಣ್ಣ.

"ಇಪ್ಪತ್ತೊಂದು," ಎಂದ ಬುಲೆಟ್.

"ಹಾರ್ಕೊಂಡು ಹೋಗ್ತೀಯೇನೋ? ಹದಿನೈದು ವರ್ಷ ಆ ದಾರೀಲಿ ಹೊಡೆದಿದೀನಿ ಕಣೋ ನಾನು."

"ನೀನು ಹೊಡೆದಿದೀಯ ಅನ್ನಬೇಡ ಮಾವ, ತಳ್ಕೊಂಡು ಹೋಗಿದೀಯ ಅನ್ನು. ಹೋದ ವರ್ಷದಿಂದ ಆ ದಾರಿ ನಂದು. ಬರ್ಕೊಳಕ್ಕಾ, ಇಪ್ಪತ್ತೊಂದು."

"ಬರ್ಕೊಬೇಡ ಅಕ್ಕಾ. ಇವನ ಮಾತು ಕೇಳಿದ್ರೆ ಬಸ್ಸು ಹೊರಡೋ ಮೊದ್ಲೇ ಮುಟ್ಟಿರುತ್ತೆ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕಳು. ಅವಳ ತಲೆಯಲ್ಲೂ ಇದ್ದದ್ದು ಇಪ್ಪತ್ತೇಳೇ. ಬುಲೆಟ್ ಜಂಬ ಕೊಚ್ಚಿಕೊಳ್ಳುವುದು ಊರಿಗೇ ಗೊತ್ತು. ಇಪ್ಪತ್ತೇಳು ಎಂದು ಬರೆದು ಅಡಿಗೆರೆ ಎಳೆದಳು.

ಪಟ್ಟಿಯನ್ನು ತಿದ್ದುವ ಹಕ್ಕು ಅವಳಿಗಿತ್ತು. ಮೂವತ್ತೆಂಟು ಸ್ಟಾಪು, ಒಂದೊಂದಕ್ಕೂ ದಿನದ ಎಲ್ಲ ಬಸ್ಸು. ಊಟಕ್ಕೆ ಏಳಲಿಲ್ಲ. ಗುಮಾಸ್ತ ಒಂದು ಬಾಳೆಹಣ್ಣು ಸುಲಿದು ಮೇಜಿನ ಮೇಲಿಟ್ಟು ಹೋದ. ಅದು ಅಲ್ಲೇ ಕಪ್ಪಾಯಿತು. ಮೂರು ಗಂಟೆಗೆ ಹೊಸ ಪುಟ ಏರಿತು. ಶುಕ್ರವಾರದ ಮೂರಕ್ಕೆ ಇನ್ನು ಇಪ್ಪತ್ತನಾಲ್ಕು ಗಂಟೆ ಬಾಕಿ.

ಶುಕ್ರವಾರ ಮಧ್ಯಾಹ್ನ ಹೊಸ ಪುಟಕ್ಕೆ ಬಂದ ಉತ್ತರಗಳ ಲೆಕ್ಕ ಎಪ್ಪತ್ತಕ್ಕೆ ಮುಟ್ಟಿತ್ತು. ಅರವತ್ತೊಂದು ಹೌದು, ಒಂಬತ್ತು ಇಲ್ಲ. ಅಕ್ಕ ಅದನ್ನು ಮೂರು ಸಲ ಎಣಿಸಿ, ಕಾಗದಕ್ಕೆ ಇಳಿಸಿ, ಮೂರಕ್ಕೆ ಐದು ನಿಮಿಷವಿರುವಾಗ ಮ್ಯಾನೇಜರನ ಬಾಗಿಲ ಮುಂದೆ ನಿಂತಳು.

ಅವನು ಕಾಗದ ನೋಡಿದ. ಆಮೇಲೆ ತನ್ನ ಕಂಪ್ಯೂಟರಿನಲ್ಲಿ ಸಾಧನವನ್ನು ತೆರೆದ. ಮುಚ್ಚಳದ ಸದ್ದು ನಿಂತಿತು.

"ಅಕ್ಕಾ, ಇದು ಇನ್ನೂ ಕೆಟ್ಟೋಗಿದೆಯಲ್ಲ."

ಅವಳು ಬಗ್ಗಿ ನೋಡಿದಳು. ಪುಟ ಮೊದಲಿಗಿಂತ ಕಡುಗೆಂಪಾಗಿತ್ತು. ಬಿಟ್ಟುಹೋದವರು ಎಂಬತ್ತೊಂದರಿಂದ ತೊಂಬತ್ತಮೂರಕ್ಕೆ ಏರಿದ್ದರು. ಒಬ್ಬೊಬ್ಬರು ನಿಲ್ಲುತ್ತಿದ್ದ ಹೊತ್ತು ಐವತ್ತು ಸೆಕೆಂಡಿನಿಂದ ಒಂಬತ್ತಕ್ಕೆ ಇಳಿದಿತ್ತು. ಉತ್ತರಗಳ ಗುಂಗಿನಲ್ಲಿ ಅವಳು ಇತ್ತ ತಿರುಗಿಯೂ ನೋಡಿರಲಿಲ್ಲ. ಒಂಬತ್ತು ಎಂಬ ಅಂಕಿಯನ್ನು ಮತ್ತೆ ನೋಡಿದಳು.

"ಸಾರ್, ಕೌಂಟರ್ ಮುಂದೆ ಒಬ್ಬ ಐವತ್ತು ಸೆಕೆಂಡ್ ನಿಂತಿದಾನೆ ಅಂದ್ರೆ ಏನರ್ಥ?"

"ಏನು?"

"ನನಗೆ ಉತ್ತರ ಗೊತ್ತಿಲ್ಲ ಅಂತ. ಗೊತ್ತಿದ್ರೆ ಒಂಬತ್ತು ಸೆಕೆಂಡ್ ಸಾಕು. ಕೇಳ್ದ, ಹೇಳ್ದೆ, ಹೋದ. ಎರಡೇ ಎರಡು ತೋರಿಸ್ತೀನಿ, ನೋಡಿ."

ಅವಳು ಅವನ ಕೈಯಿಂದ ಮೌಸ್ ತೆಗೆದುಕೊಂಡಳು, ಕೇಳದೆಯೇ. ಮೊದಲು ಮಂಗಳವಾರದ ಒಂದು ಚುಕ್ಕೆ ಹಾಕಿದಳು: ಎಡಕ್ಕೆ, ಬಲಕ್ಕೆ, ಎರಡು ಬೆರಳು, ಮತ್ತೆ ಎಡಕ್ಕೆ, ಹೊರಗೆ. ಮ್ಯಾನೇಜರ್ ಕುರ್ಚಿಯಲ್ಲಿ ಅಲುಗಾಡಿದ. "ಅಯ್ಯೋ, ಏನು ಬೇಕಂತೆ ಇವನಿಗೆ?" ಆಮೇಲೆ ಗುರುವಾರ ಸಂಜೆಯದು: ಜಾರಿತು, ನಿಂತಿತು, ಹೌದು, ಹೊರಗೆ. ನೋಡುತ್ತಿದ್ದಂತೆ ಮುಗಿದುಹೋಯಿತು.

ಅವನು ಎರಡನೆಯದನ್ನು ಇನ್ನೊಮ್ಮೆ ಹಾಕಿಸಿ ನೋಡಿದ. ಸ್ವಲ್ಪ ಹೊತ್ತು ಗದ್ದ ಕೆರೆದುಕೊಂಡ. "ಟಿಕೆಟ್ ಮಾರಾಟ ಏನೂ ಜಾಸ್ತಿ ಆಗಿಲ್ಲ."

"ಆಗಲ್ಲ ಸಾರ್. ಸುಳ್ಳು ಹೇಳೋಕಾಗುತ್ತಾ?"

"ಪುಟ ಇರಲಿ," ಎಂದ ಅವನು ಕೊನೆಗೆ. "ಆದ್ರೆ ಈ ಕೆಂಪು ಮೇಲಿನವರ ಕಣ್ಣಿಗೆ ಬಿದ್ದೇ ಬೀಳುತ್ತೆ. ಪ್ರತಿ ತಿಂಗಳೂ ಕೇಳ್ತಾರೆ. ನಾನು ನಿಮ್ಮ ಹಾಗೆ ವಿವರಿಸೋಕಾಗಲ್ಲ. ನೀವೇ ಬಂದು ಹೇಳ್ಬೇಕು, ಪ್ರತಿ ತಿಂಗಳೂ."

"ಹೇಳ್ತೀನಿ."

ಹೊರಗೆ ಬಂದಾಗ ಗುಮಾಸ್ತ ಹೆಬ್ಬೆರಳೆತ್ತಿ ಏನಾಯ್ತು ಎಂದು ಸನ್ನೆ ಮಾಡಿದ. ಅವಳೂ ಹೆಬ್ಬೆರಳೆತ್ತಿದಳು. ವಾರವಿಡೀ ಕಚ್ಚಿದ ಕುರ್ಚಿ ಈಗ ಸುಮ್ಮನಿತ್ತು. ಕೂತು, ಹಗುರಾಗಿ, ಆ ಒಂಬತ್ತು 'ಇಲ್ಲ'ಗಳನ್ನು ತೆರೆದಳು. ಎಂಟು ಜನ ಏನೂ ಬರೆದಿರಲಿಲ್ಲ. ಒಬ್ಬರು ಬರೆದಿದ್ದರು, ಆ ದಿನ ಬೆಳಿಗ್ಗೆ ಏಳು ಐವತ್ತಕ್ಕೆ: 'ನಿಮ್ಮ ಪುಟ ನಂಬಿ ಕ್ವಾರಿ ಕ್ರಾಸಿಗೆ ಏಳು ಮೂವತ್ತೈದಕ್ಕೆ ಬಂದೆ. ಬಸ್ ಆಗಲೇ ಹೋಗಿತ್ತು. ಕೆಲಸಕ್ಕೆ ತಡವಾಯಿತು. ಗೊತ್ತಿಲ್ಲದಿದ್ದರೆ ಹಾಕಬೇಡಿ.'

ಕೊನೆಯ ವಾಕ್ಯವನ್ನು ಅವಳು ಮತ್ತೆ ಮತ್ತೆ ಓದಿದಳು. ಪುಟದಲ್ಲಿ ಏಳು ಮೂವತ್ತೇಳು ಎಂದಿತ್ತು. ಏಳು ಹತ್ತಕ್ಕೆ ಇಪ್ಪತ್ತೇಳು ಕೂಡಿಸಿದ್ದು. ಬುಲೆಟ್‌ಗೆ ಫೋನ್ ಮಾಡಿದಳು, ಅವನು ಬಸ್ ಓಡಿಸುತ್ತಿದ್ದ, ಎತ್ತಲಿಲ್ಲ. ಎತ್ತಿದ್ದರೂ ಏನು, ಇನ್ನೊಬ್ಬರ ಬಾಯಿಂದ ಕೇಳಿ ಅಂಕಿ ಬರೆದಿದ್ದು ಸಾಕಾಗಿತ್ತು. ಕ್ವಾರಿ ಕ್ರಾಸಿನ ಸಾಲನ್ನು ಪೂರ್ತಿ ಅಳಿಸಿ ಖಾಲಿ ಬಿಟ್ಟಳು.

ಅಳಿಸಿದ ಮೇಲೆ ಹೊಳೆಯಿತು: ಅಳಿಸಿ ಪ್ರಯೋಜನವಿಲ್ಲ. ಗುರುವಾರ ಮೂರರಿಂದ ಇಲ್ಲಿಯವರೆಗೆ ಆ ಸಾಲಿನ ಮೇಲೆ ಬೆರಳು ನಿಲ್ಲಿಸಿದವರೆಷ್ಟು ಎಂದು ಸಾಧನವನ್ನು ಕೇಳಿದಳು. ನಲವತ್ತಮೂರು. ಒಂಬತ್ತು ಸೆಕೆಂಡ್ ನಿಂತರು, ನಂಬಿದರು, ಹೋದರು. ಹೋದವರು ಮತ್ತೆ ಬಂದು ನೋಡುವುದಿಲ್ಲ. ಒಮ್ಮೆ ಕೇಳಿ ತಿಳಿದ ಮೇಲೆ ಯಾರೂ ಕೌಂಟರಿಗೆ ತಿರುಗಿ ಬಂದವರಿಲ್ಲ. ಏಳು ಮೂವತ್ತೇಳು ಈಗ ಪುಟದಲ್ಲಿಲ್ಲ, ಅವರ ತಲೆಯಲ್ಲಿದೆ.

ಮನೆಯಲ್ಲಿ ಗಂಡ, "ಪುಟ ಉಳೀತಂತೆ, ಇನ್ನೇನು ಆಕಾಶ ಕಳಚಿ ಬಿದ್ದಿದ್ದು?" ಎಂದ.

"ನಿಮ್ಮ ಲಿಫ್ಟು ಐದನೇ ಮಹಡಿ ಅಂತ ತೋರಿಸಿ ಬಾಗಿಲು ತೆರೆದಾಗ ಗೋಡೆ ಕಂಡ್ರೆ ಏನು ಮಾಡ್ತೀರಿ?"

ಗಂಡ ತಟ್ಟೆಯಿಂದ ತಲೆಯೆತ್ತಿದ. "ಹಂಗೆಲ್ಲ ಹೆದರಿಸ್ಬೇಡ ಕಣೇ," ಎಂದ ಮೆಲ್ಲಗೆ.

ಶನಿವಾರ ಬೆಳಿಗ್ಗೆ ಏಳು ಹತ್ತರ ಬಸ್ಸಿನಲ್ಲಿ ಅವಳು ಚಾಲಕನ ಪಕ್ಕದ ಕಂಬಿ ಹಿಡಿದು ನಿಂತಿದ್ದಳು. ಚಕ್ರದ ಹಿಂದೆ ಬುಲೆಟ್. ಬಸ್ಸು ಸ್ಟಾಪಿನಿಂದ ಸ್ಟಾಪಿಗೆ ಹೋದಂತೆ ಅವಳು ಕೈಗಡಿಯಾರ ನೋಡಿ ಬರೆದುಕೊಂಡಳು. ಡೇರಿ ಸರಿ. ಆಸ್ಪತ್ರೆ ಸರಿ. ಬುಲೆಟ್ ಹುಚ್ಚೆದ್ದು ಓಡಿಸುತ್ತಲೂ ಇರಲಿಲ್ಲ. ಆಮೇಲೆ ರೈಲ್ವೆ ಗೇಟಿನ ತಿರುವು ಬಂತು, ಬಸ್ಸು ನಿಲ್ಲದೆ ಕೆಳಕ್ಕಿಳಿಯಿತು. ಅಕ್ಕ ಕಂಬಿಯನ್ನು ಎರಡು ಕೈಯಲ್ಲಿ ಹಿಡಿದಳು. ಹಳಿಯ ಅಡಿಯಲ್ಲಿ ಹೊಸ ದಾರಿ, ಬಿಳಿ ಗೋಡೆ.

"ಗೇಟ್ ಎಲ್ಲೋ?"

"ಯಾವ ಕಾಲದಲ್ಲಿದೀಯಕ್ಕಾ? ಗೇಟ್ ತೆಗೆದು ಎಂಟು ತಿಂಗ್ಳಾಯ್ತು. ಅಲ್ಲಿ ಕಾಯೋ ಆರು ನಿಮಿಷಾನೂ ಹೋಯ್ತು."

"ಮೊನ್ನೆ ಯಾಕೆ ಹೇಳ್ಲಿಲ್ಲ?"

"ಇಪ್ಪತ್ತೊಂದು ಅಂತ ಹೇಳಿದ್ನಲ್ಲ. ನೀವೆಲ್ಲ ಹಲ್ಲು ಕಿಸಿದ್ರಿ."

ಕ್ವಾರಿ ಕ್ರಾಸಿನಲ್ಲಿ ಬಸ್ಸು ನಿಂತಾಗ ಏಳು ಮೂವತ್ತೊಂದು. ತಗಡಿನ ಚಾವಣಿಯ ಕೆಳಗೆ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಒಬ್ಬ ಇಳಿದ. ಬುಲೆಟ್ ಗೇರ್ ಹಾಕಿದ.

"ನಿಲ್ಸು," ಎಂದಳು ಅಕ್ಕ.

"ಯಾರೂ ಇಲ್ಲ ಅಕ್ಕಾ."

"ಬರ್ತಾರೆ. ಏಳು ಮೂವತ್ತೇಳಕ್ಕೆ ಬಸ್ಸು ಅಂತ ಹೇಳಿದೀನಿ ಅವರಿಗೆ."

"ಯಾರಿಗೆ?"

"ಗೊತ್ತಿಲ್ಲ."

ಬುಲೆಟ್ ಅವಳನ್ನು ಮೇಲಿಂದ ಕೆಳಗೆ ನೋಡಿದ. ಎಂಜಿನ್ ಗುರುಗುಡುತ್ತಿತ್ತು. ಎರಡು ನಿಮಿಷವಾಯಿತು. ಹಿಂದಿನ ಸೀಟಿನಿಂದ ಒಬ್ಬ, "ಏನ್ ಸ್ವಾಮೀ, ಇಲ್ಲೇ ಮನೆ ಮಾಡೋಣ್ವಾ?" ಎಂದ. ಒಬ್ಬ ಹೆಂಗಸು ಕಿಟಕಿಯಿಂದ ಕತ್ತು ಹೊರಗೆ ಹಾಕಿದಳು. ನಿರ್ವಾಹಕ ಸಿಳ್ಳೆ ಊದಲು ಬಾಯಿಗಿಟ್ಟು ಅಕ್ಕನ ಮುಖ ನೋಡಿ ತೆಗೆದ. ಅಕ್ಕ ಮೆಟ್ಟಿಲಿಳಿದು ರಸ್ತೆಯ ಎರಡೂ ಕಡೆ ನೋಡಿದಳು. ಒಂದು ಸೈಕಲ್ ಬಂತು, ನಿಲ್ಲದೆ ಹೋಯಿತು.

ಏಳು ಮೂವತ್ತನಾಲ್ಕಕ್ಕೆ ಕಲ್ಲಿನ ಗೋಡೆಯ ಆಚೆಯಿಂದ ಒಬ್ಬಾಕೆ ಬಂದಳು. ನೀಲಿ ಏಪ್ರನ್ ಕೈಯಲ್ಲಿ ಮಡಚಿ ಹಿಡಿದಿದ್ದಳು, ಅವಸರವೇನಿರಲಿಲ್ಲ. ನಿಂತ ಬಸ್ಸನ್ನು ಕಂಡು ಓಡಿದಳು. ಅವಳ ಹಿಂದೆ ಊರುಗೋಲಿನ ಮುದುಕರೊಬ್ಬರು, ಅವರ ಹಿಂದೆ ಶಾಲೆಯ ಚೀಲ ಹಿಡಿದ ಮೇಷ್ಟರು.

"ಇನ್ನೂ ಮೂರು ನಿಮಿಷ ಇತ್ತಲ್ಲ," ಎಂದಳು ಏಪ್ರನ್ನಿನಾಕೆ ಏದುಸಿರು ಬಿಡುತ್ತ. "ಏಳು ಮೂವತ್ತೇಳು ಅಂತ ಫೋನಲ್ಲಿತ್ತು."

"ನಾಳೆಯಿಂದ ಏಳು ಮೂವತ್ತೊಂದಕ್ಕೇ ಬನ್ನಿ," ಎಂದಳು ಅಕ್ಕ. "ಅದು ತಪ್ಪಾಗಿತ್ತು. ನಂದೇ ತಪ್ಪು."

ಆಕೆ ಅಕ್ಕನನ್ನು ಒಂದು ಗಳಿಗೆ ನೋಡಿದಳು, ಏನೂ ಕೇಳದೆ ಹತ್ತಿದಳು. ಅಕ್ಕ ಮುದುಕರ ತೋಳು ಹಿಡಿದು ಹತ್ತಿಸಿದಳು. ಅವರಿಗೂ ಹೇಳಿದಳು, ಮೇಷ್ಟರಿಗೂ ಹೇಳಿದಳು. ಏಳು ಮೂವತ್ತೇಳಾಯಿತು. ಬುಲೆಟ್ ಹಾರ್ನ್ ಒತ್ತಿದ.

"ಹತ್ತಕ್ಕಾ, ಇನ್ನೆಷ್ಟು ಜನ?"

"ಇನ್ನು ನಲವತ್ತು," ಎಂದಳು ಅಕ್ಕ. "ನೀನು ಹೊರಡು."

ಬಸ್ಸು ಹೊರಟಿತು. ಅವಳು ತಗಡಿನ ಕೆಳಗೆ ನಿಂತು ಕಾಗದದಲ್ಲಿ ಇಪ್ಪತ್ತೇಳನ್ನು ಹೊಡೆದು ಇಪ್ಪತ್ತೊಂದು ಎಂದು ಬರೆದಳು, ಫೋನ್ ತೆಗೆದು ಆ ಖಾಲಿ ಸಾಲನ್ನು ತುಂಬತೊಡಗಿದಳು. ಮುಂದಿನ ಬಸ್ಸು ಎಂಟು ಒಂದಕ್ಕೆ ಬರಬೇಕು. ಎಂಟು ಏಳಕ್ಕೆ ಎಂದು ಹೇಳಿಸಿಕೊಂಡವರು ಇನ್ನೂ ಮನೆ ಬಿಟ್ಟಿರಲಾರರು.